ದುರ್ಬೀನಿಗೆ ಊರು ಪರಿಚಯಿಸಿದ್ದು

ನಮ್ಮ ಕಡೆ ಮನೆಗೆ ಹೊಸಬರು ಬಂದರೆ ಕಾಲಿಗೆ ನೀರು ಕೊಟ್ಟು, ಆಸರಿಗೆಗೆ ಏನು ಬೇಕೆಂದು ವಿಚಾರಿಸಿ, ಆಮೇಲೆ ಮೆಲ್ಲಗೆ ಕೇಳುವ ಪ್ರಶ್ನೆ "ಯಾವ ಊರಾಯಿತು?" ಎಂಬುದು. 2025ರ ಜನವರಿಯಲ್ಲಿ ನಮ್ಮ ಮನೆಗೆ ಬಂದ ಹೊಸಬ ಮಾತ್ರ ಈ ಪ್ರಶ್ನೆಯನ್ನು ನಮಗೇ ಕೇಳಿದ. ಅವನು ಬಂದದ್ದು ರಟ್ಟಿನ ಪೆಟ್ಟಿಗೆಯಲ್ಲಿ. ಮೂರು ಕಾಲು, ಒಂದೇ ತೋಳು, ಐದು ಇಂಚು ಅಗಲದ ಕಣ್ಣು, ಹೊಟ್ಟೆಯೊಳಗೆ ಕಂಪ್ಯೂಟರ್. ಆಕಾಶದ 40 ಸಾವಿರ ವಸ್ತುಗಳ ವಿಳಾಸ ಅವನಿಗೆ ಬಾಯಿಪಾಠ. ತಾನು ಎಲ್ಲಿ ನಿಂತಿದ್ದೇನೆ ಎಂಬುದೊಂದು ಮಾತ್ರ ಗೊತ್ತಿಲ್ಲ.

ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ರಸ್ತೆಯಲ್ಲಿ ಇಳಿದು ಒಳಗೆ ನಡೆದರೆ ನಮ್ಮ ಮನೆ. ಬೆಂಗಳೂರಿನ ಗೆಳೆಯರು "ನಿಮಗೇನಪ್ಪ, ಮನೆಯಂಗಳದಲ್ಲೇ ಕಪ್ಪು ಆಕಾಶ" ಎಂದು ಹೊಟ್ಟೆ ಉರಿದುಕೊಳ್ಳುತ್ತಾರೆ. ಅವರಿಗೆ ಅಡಿಕೆ ಬೆಳೆಗಾರರ ಅಂಗಳದ ವಿಷಯ ತಿಳಿಯದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಆಕಾಶವೇ ಇರುವುದಿಲ್ಲ, ಮಳೆ ಇರುತ್ತದೆ. ಮೋಡ ಹರಿದು ಚಳಿ ಬಿದ್ದು ನಕ್ಷತ್ರಗಳು ತೊಳೆದಿಟ್ಟಂತೆ ಕಾಣುವ ಹೊತ್ತಿಗೆ ಕೊನೆ ಕೊಯ್ಲು, ಅಂದರೆ ಅಡಿಕೆಯ ಗೊನೆ ಇಳಿಸುವ ಕೆಲಸ, ಶುರುವಾಗುತ್ತದೆ. ಅಂಗಳದ ತುಂಬ ಚಪ್ಪರ ಏಳುತ್ತದೆ, ಅದರ ಮೇಲೆ ಅಡಿಕೆ ಹರಡುತ್ತದೆ. ಚಪ್ಪರದ ಕೆಳಗೆ ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುವವರ ಸಾಲು, ಅವರ ನೆತ್ತಿಯ ಮೇಲೆ ಕಣ್ಣು ಕುಕ್ಕುವ ಎಲ್‌ಇಡಿ ಬಲ್ಬು. ಪಕ್ಕದಲ್ಲಿ ಅಡಿಕೆ ಬೇಯುವ ಹಂಡೆಯ ಹಬೆ. ಅಂಗಳದಲ್ಲಿ ನಿಂತು ಮೇಲೆ ನೋಡಿದರೆ ಮೊದಲು ಕಾಣುವುದು ಅಡಿಕೆಯ ತಳ.

ಹಾಗಾಗಿ ದುರ್ಬೀನಿಗೆ ಸಿಕ್ಕಿದ್ದು ಕೊಟ್ಟಿಗೆಯ ಪಕ್ಕದ ಮೊಳದಗಲದ ಜಾಗ. ಮೆದು ನೆಲದಲ್ಲಿ ಕಾಲು ಹೂತುಹೋಗದಂತೆ ಮೂರು ಚಪ್ಪಟೆ ಕಲ್ಲು ಇಟ್ಟು, ಬಡಗಿಯಿಂದ ರಸಮಟ್ಟ ಎರವಲು ತಂದು, ಗುಳ್ಳೆಯನ್ನು ನಡುವಿಗೆ ತಂದು ನಿಲ್ಲಿಸಿದೆ. ದೊಡ್ಡ ಕೊಳವೆ ನೋಡುವ ಕಡೆಗೇ ಅದರ ಬೆನ್ನ ಮೇಲಿನ ಪುಟ್ಟ ಗುರಿಗಾಜೂ ನೋಡುವಂತೆ ಹಗಲಿನಲ್ಲೇ ಹೊಂದಿಸಬೇಕು. ದೂರದ ಗುರಿಯೊಂದು ಬೇಕಿತ್ತು. ಎದುರು ದಿಂಬದ ತೋಟದ ಒಂದು ಅಡಿಕೆ ಮರದ ತಲೆಗೆ ಹಿಡಿದೆ. 60 ಪಟ್ಟು ದೊಡ್ಡದಾಗಿ, ಎಡದ್ದು ಬಲಕ್ಕಾಗಿ, ಕೊನೆಯ ಒಂದೊಂದು ಅಡಿಕೆಯೂ ಕಂಡಿತು. ಅಪ್ಪಯ್ಯ ಬಂದು ಒಂದು ಕಣ್ಣು ಮುಚ್ಚಿ ನೋಡಿದರು. "ಓಹೋ, ಅವರದ್ದು ಇನ್ನೂ ಎರಡನೇ ಕೊಯ್ಲು ಆಗಿಲ್ಲ" ಎಂದರು. ಕೊಟ್ಟ ಹಣ ಪೂರ್ತಿ ದಂಡವಲ್ಲ ಎಂಬ ಭಾವ ಅವರ ಮುಖದಲ್ಲಿ ಮೊದಲ ಬಾರಿ ಕಂಡದ್ದು ಆಗ.

ಕತ್ತಲಾದ ಮೇಲೆ ವಿಚಾರಣೆ ಶುರುವಾಯಿತು. ರಿಮೋಟಿನ ಕೆಂಪು ಅಕ್ಷರಗಳು ಮೊದಲು ಊರು ಕೇಳಿದವು. ಅದರ ಪಟ್ಟಿಯಲ್ಲಿ ಬೆಂಗಳೂರಿತ್ತು, ಶಿರಸಿ ಇರಲಿಲ್ಲ. ಬೆಂಗಳೂರು ಎಂದು ಒಪ್ಪಿಕೊಂಡುಬಿಡಬಹುದಿತ್ತು. ನಮ್ಮ ಹುಡುಗರೆಲ್ಲ ಹಾಗೇ ಮಾಡಿಕೊಂಡಿದ್ದಾರೆ. ನಾನು ಹಟಕ್ಕೆ ಬಿದ್ದು ಅಕ್ಷಾಂಶ 14 ಡಿಗ್ರಿ 37 ನಿಮಿಷ, ರೇಖಾಂಶ 74 ಡಿಗ್ರಿ 50 ನಿಮಿಷ ಎಂದು ಒತ್ತಿದೆ. ಪೂರ್ವವೋ ಪಶ್ಚಿಮವೋ ಎಂದಿತು. ಪೂರ್ವ. ಗಂಟೆ ಎಷ್ಟು ಎಂದಿತು. ಎಂಟು. ಈ ಎಂಟೂ ನಮ್ಮದಲ್ಲ. ದೇಶದ ಗಡಿಯಾರ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖೆಯ ಮೇಲೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಅಲ್ಲಿಯವನಿಗಿಂತ ಅರ್ಧ ಗಂಟೆ ತಡ. ಕೈಗಡಿಯಾರದಲ್ಲಿ ಎಂಟಾದಾಗ ನಮ್ಮ ಕೊಟ್ಟಿಗೆಯ ಮೇಲಿನ ಆಕಾಶದಲ್ಲಿ ಇನ್ನೂ ಏಳೂವರೆ. ಈ ಲೆಕ್ಕವನ್ನು ಯಂತ್ರ ತಾನೇ ಮಾಡಿಕೊಳ್ಳುತ್ತದೆ. ಬೆಳಗ್ಗೆ ಏಳಲು ತಡವಾದಾಗ ನಾನೂ ಮಾಡಿಕೊಳ್ಳುತ್ತೇನೆ.

ಕೊನೆಗೆ ತಾರೀಖು. 10-01-2025 ಎಂದು ಒತ್ತಿದೆ. ಕೊಳವೆಯನ್ನು ಉತ್ತರಕ್ಕೆ ತಿರುಗಿಸಿ ಮಟ್ಟಸ ನಿಲ್ಲಿಸು ಎಂದಿತು. ಧ್ರುವ ನಕ್ಷತ್ರ ನಮ್ಮಲ್ಲಿ ಹದಿನಾಲ್ಕೂವರೆ ಡಿಗ್ರಿಯಷ್ಟೇ ಮೇಲಿರುವುದರಿಂದ ತೋಟದ ಮರೆಯಿಂದ ಹೊರಬಂದದ್ದನ್ನು ಯಾರೂ ನೋಡಿಲ್ಲ. ಮೊಬೈಲಿನ ದಿಕ್ಸೂಚಿ ನಿಮಿಷಕ್ಕೊಂದು ಉತ್ತರ ತೋರಿಸುತ್ತಿತ್ತು. ಅಪ್ಪಯ್ಯ ಜಗುಲಿಯಿಂದಲೇ, "ದೇವರ ಕೋಣೆಯ ಗೋಡೆಯ ನೇರಕ್ಕೆ ಹಿಡಿ, ತಮಾ. ಅಜ್ಜ ಹಗ್ಗ ಹಿಡಿದು ಕಟ್ಟಿಸಿದ್ದು" ಎಂದರು. ಹಿಡಿದೆ. ಮೋಟಾರು ಗರ್ರೆಂದಿತು. ಅಭಿಜಿತ್ ನಕ್ಷತ್ರವನ್ನು ತೋರಿಸುತ್ತೇನೆಂದು ಹೊರಟ ಕೊಳವೆ ವಾಯವ್ಯಕ್ಕೆ ತಿರುಗಿ, ಕತ್ತೆತ್ತಿ, ಹಲಸಿನ ಮರದ ನಡುವಿಗೆ ಗುರಿಯಿಟ್ಟು ನಿಂತಿತು. ಸುಲಿಯುವ ಹೆಂಗಸರಲ್ಲಿ ಒಬ್ಬರು, "ಹೆಗಡೆಯವರೇ, ಹಲಸು ಬಿಡುವುದಕ್ಕೆ ಇನ್ನೂ ಹೊತ್ತಿದೆ" ಎಂದರು.

ಎರಡು ಸಲ ಆರಿಸಿ ಹಚ್ಚಿದೆ. ಎರಡು ಸಲವೂ ಹಲಸಿನ ಮರ. ಮೂರನೆಯ ಸಲ ಕೈಪಿಡಿ ತೆರೆದೆ. ತಿಂಗಳು ಮೊದಲು, ದಿನ ಆಮೇಲೆ, ಅಮೆರಿಕದ ಪದ್ಧತಿ. ಪಾಪ, ಅದು ಅಕ್ಟೋಬರ್ ಒಂದನೇ ತಾರೀಖಿನ ಆಕಾಶವನ್ನು ಪ್ರಾಮಾಣಿಕವಾಗಿ ಹುಡುಕುತ್ತಿತ್ತು. ಆ ದಿನ ಆ ಹೊತ್ತಿಗೆ ಅಭಿಜಿತ್ ಅಲ್ಲೇ ಇರುತ್ತದೆ, ಹಲಸಿನ ಮರದ ಹಿಂದೆ. ಹದಿಮೂರನೇ ತಾರೀಖಿನಂದು ತೆರೆದಿದ್ದರೆ ಹದಿಮೂರನೇ ತಿಂಗಳಿಲ್ಲ ಎಂದು ಅದೇ ತಕರಾರು ತೆಗೆಯುತ್ತಿತ್ತು. ಹನ್ನೆರಡರ ಒಳಗಿನ ತಾರೀಖುಗಳೇ ಹೀಗೆ, ಬಾಯಿ ಬಿಡುವುದಿಲ್ಲ.

ತಾರೀಖು ಸರಿಮಾಡಿದ ಮೇಲೆ ಪಟ್ಟಿ ಬದಲಾಯಿತು. ಆಲ್ಡೆಬರಾನ್ ಎಂಬ ನಕ್ಷತ್ರವನ್ನು ಗಾಜಿನ ನಡುವೆ ತಂದು ಗುಂಡಿ ಒತ್ತು ಎಂದಿತು. ಹಾಗೆಂದರೆ ರೋಹಿಣಿ ಎಂಬಷ್ಟು ನನಗೆ ಗೊತ್ತಿತ್ತು. ಅಷ್ಟೇ ಗೊತ್ತಿದ್ದದ್ದು. ನಮ್ಮ ಮನೆಯಲ್ಲಿ 27 ನಕ್ಷತ್ರಗಳ ಹೆಸರು ಬಾರದವರಿಲ್ಲ. ರೋಹಿಣಿಗೆ ಮೊದಲ ಗುಡುಗು, ಮೃಗಶಿರಾಕ್ಕೆ ಬಿತ್ತನೆ, ಆರಿದ್ರಾ ಹಿಡಿದರೆ ಬಿಡದು, ಸ್ವಾತಿಗೆ ಬಂದ ಮಳೆ ಅಡಿಕೆ ಚಪ್ಪರಕ್ಕೆ ಶತ್ರು. ಆದರೆ ಇವೆಲ್ಲ ಮಳೆಗಳು. ಸೂರ್ಯ ಒಂದು ನಕ್ಷತ್ರದಲ್ಲಿ ನಿಂತ ಹದಿಮೂರು-ಹದಿನಾಲ್ಕು ದಿನಕ್ಕೆ ಆ ನಕ್ಷತ್ರದ ಹೆಸರಿನ ಮಳೆ. ಸೂರ್ಯ ಅಲ್ಲೇ ನಿಂತಿರುವಾಗ ಆ ನಕ್ಷತ್ರ ಕಾಣುವುದಾದರೂ ಹೇಗೆ? ಮೋಡವಿಲ್ಲದಿದ್ದರೂ ಕಾಣದು. ತಲೆತಲಾಂತರದಿಂದ ಹೆಸರು ಹಿಡಿದು ಬೈದದ್ದು, ಬೇಡಿಕೊಂಡದ್ದು ಎಲ್ಲ ಮುಖ ನೋಡದೆಯೇ.

"ರೋಹಿಣಿ ಎಲ್ಲಿದೆಯೋ" ಎಂದು ನಾನು ಗೊಣಗಿದ್ದು ಅಪ್ಪಯ್ಯನಿಗೆ ಕೇಳಿಸಿತು. ಅಂದು ವೈಕುಂಠ ಏಕಾದಶಿ, ಅವರಿಗೆ ಉಪವಾಸ, ಜೊತೆಗೆ ಬೇಕಾದಷ್ಟು ಪುರುಸೊತ್ತು. ಮೊಳೆಗೆ ತೂಗುಹಾಕಿದ್ದ ಬಗ್ಗೋಣ ಪಂಚಾಂಗ ತೆಗೆದು ಕನ್ನಡಕ ಏರಿಸಿದರು. "ಕೃತ್ತಿಕೆ ಮಧ್ಯಾಹ್ನವೇ ಮುಗಿದಿದೆ. ಈಗ ರೋಹಿಣಿ. ಚಂದ್ರನ ಮಗ್ಗುಲಲ್ಲೇ ಇರಬೇಕಲ್ಲ." ಎಷ್ಟು ಸರಳ! ದಿನದ ನಕ್ಷತ್ರವೆಂದರೆ ಅಂದು ಚಂದ್ರ ತಂಗುವ ಮನೆ. ಕತ್ತೆತ್ತಿದೆ. ಚಂದ್ರನ ಕೆಳಗೆ ಥಳಥಳಿಸುವ ಬಿಳಿ ಚುಕ್ಕಿ. ಅದನ್ನೇ ನಡುವಿಗೆ ತಂದು ಒತ್ತಿದೆ. ದಿಕ್ಕು ಖಚಿತವಾಗಲು ಅದಕ್ಕೆ ಎರಡು ನಕ್ಷತ್ರ ಬೇಕು, ಎರಡನೆಯದಾಗಿ ಲುಬ್ಧಕ ನಕ್ಷತ್ರವನ್ನೂ ಒತ್ತಿದೆ. ಜೋಡಣೆ ವಿಫಲ ಎಂದು ಬಂತು.

ಅಪ್ಪಯ್ಯನ ಬೆರಳು ಇನ್ನೂ ಪಂಚಾಂಗದ ಪುಟದ ಮೇಲೇ ಇತ್ತು. "ಗುರುವೂ ವೃಷಭದಲ್ಲೇ ಇದ್ದಾನೆ, ವಕ್ರೀ. ನೀನು ಗುರುವನ್ನು ಹಿಡಿದು ರೋಹಿಣಿ ಎಂದೆಯೋ ಏನೋ." ಮತ್ತೆ ನೋಡಿದೆ. ಬಿಳಿ ಚುಕ್ಕಿಯಿಂದ ಸ್ವಲ್ಪ ದೂರದಲ್ಲಿ ಇನ್ನೊಂದು, ಅಷ್ಟು ಬೆಳಕಿಲ್ಲದ, ಅಡಿಕೆ ಬೇಯಿಸಿದ ಚೊಗರಿನ ಕೆಂಬಣ್ಣದ್ದು. ಅದು ರೋಹಿಣಿ. ಈ ಸಲ ಯಂತ್ರ ಒಪ್ಪಿತು.

ಆಮೇಲೆ ಕೇಳಿದ್ದೆಲ್ಲ ತೋರಿಸಿತು. ಮೊದಲು ಗುರು: ಸಣ್ಣ ಬಿಲ್ಲೆ, ಅಡ್ಡಕ್ಕೆ ಎರಡು ಮಸುಕು ಪಟ್ಟಿ, ಅಕ್ಕಪಕ್ಕ ಒಂದೇ ಗೆರೆಯಲ್ಲಿ ಪೋಣಿಸಿದಂತೆ ಉಪಗ್ರಹಗಳು. ಗೆಲಿಲಿಯೊ ಇವನ್ನು ಮೊದಲು ಕಂಡದ್ದು 1610ರ ಜನವರಿ 7ರಂದು. 10ರಂದು ನೋಡಿದಾಗ ಮೊದಲ ದಿನ ಕಂಡಿದ್ದ ಮೂರರಲ್ಲಿ ಒಂದು ಮಾಯವಾಗಿತ್ತಂತೆ. ನಾನು ಎಣಿಸಲು ಹೋಗಲಿಲ್ಲ, ಹಿಂದೆ ಸಾಲು ಬೆಳೆದಿತ್ತು. ಸುಲಿಯುವವರು ಕೈ ಒರೆಸಿಕೊಂಡು ಒಬ್ಬೊಬ್ಬರಾಗಿ ಬಂದರು, ಆಯಿ ಕಷಾಯದ ಲೋಟ ಹಿಡಿದೇ ಬಂದಳು. ಯಾರೋ ದೊಡ್ಡ ಮನಸ್ಸು ಮಾಡಿ ಬಲ್ಬು ಆರಿಸಿದರು. ಶನಿಯನ್ನು ತೋರಿಸೋಣವೆಂದರೆ ಅವನು ಆಗಲೇ ಪಡುವಣ ಗುಡ್ಡದ ಹಿಂದೆ ಇಳಿದಿದ್ದ. ನನ್ನ ಮುಖ ಸಪ್ಪಗಾದದ್ದನ್ನು ನೋಡಿ ಅಪ್ಪಯ್ಯ, "ಶನಿ ಸಿಗಲಿಲ್ಲವೆಂದು ಬೇಜಾರು ಮಾಡಿಕೊಳ್ಳುವವನನ್ನು ಇದೇ ಮೊದಲು ಕಂಡದ್ದು" ಎಂದರು.

ಎಲ್ಲರದೂ ಮುಗಿದ ಮೇಲೆ ಅವರದೇ ಒಂದು ಬೇಡಿಕೆ ಬಂತು. "ಆರಿದ್ರಾ ತೋರಿಸು ನೋಡೋಣ."

ಕೊಳವೆ ಗರ್ರೆಂದು ತಿರುಗಿ ನಿಂತಿತು. ಅಪ್ಪಯ್ಯ ಬಾಗಿದರು, ಬಹಳ ಹೊತ್ತು ಏಳಲಿಲ್ಲ. "ಕೆಂಡದ ಹಾಗಿದೆ. ಇಷ್ಟೇ ಇಷ್ಟು. ಔಷಧಿ ಹೊಡೆಯಲು ಮಳೆ ಬಿಟ್ಟು ಎರಡು ದಿನ ಹೊಳವು ಕೊಡು ಎಂದು ಇಷ್ಟು ವರ್ಷ ಬೇಡಿದ್ದು ಇದನ್ನೋ?" ಕಳೆದ ಮಳೆಗಾಲದಲ್ಲಿ ಅಡಿಕೆಗೆ ಬಂದ ಕೊಳೆರೋಗ ಅವರಿಗೆ ನೆನಪಾಗಿರಬೇಕು. ನಾನು ಉತ್ತರ ಕೊಡುವ ಮೊದಲೇ, "ಛೆ, ಮೋಡ ಬಂತು" ಎಂದು ತಲೆ ಎತ್ತಿದರು.

ಆಕಾಶದಲ್ಲಿ ಮೋಡದ ಸುಳಿವಿರಲಿಲ್ಲ. ಕೊಳವೆಯ ಮುಂದಿನ ಗಾಜಿಗೆ ಬೆರಳು ತಾಗಿಸಿದೆ. ಒದ್ದೆ. ಇಬ್ಬನಿ ಕೂತು ಗಾಜು ಪೂರ್ತಿ ಮಂಜಾಗಿತ್ತು.

"ಆರಿದ್ರಾ ಎಂದ ಮೇಲೆ" ಎಂದು ಅಪ್ಪಯ್ಯ ಮಫ್ಲರ್ ಬಿಗಿದುಕೊಂಡು ಒಳಗೆ ಹೋದರು.