ಜಾರುಬಂಡೆ ಜಾರಲ್ಲ, ಮೆಟ್ಟಿಲು ಬಿಡಲ್ಲ

ನಮ್ಮೂರ ಒಂದು ಸರ್ಕಾರಿ ಕಚೇರಿಗೆ ಹೊಸ ಮೆಟ್ಟಿಲು ಬಂದಿವೆ. ಒಂಬತ್ತು ಮೆಟ್ಟಿಲು, ಕಪ್ಪು ಗ್ರಾನೈಟ್, ಕನ್ನಡಿ ಪಾಲಿಶ್. ಬಗ್ಗಿ ನೋಡಿದರೆ ಮುಖ ಕಾಣುತ್ತದೆ, ಬೇಕಾದರೆ ಅಲ್ಲೇ ಮೀಸೆಯನ್ನೂ ತಿದ್ದಿಕೊಳ್ಳಬಹುದು. ಮೊದಲಿದ್ದವು ಒರಟು ಕಲ್ಲಿನ ಮೆಟ್ಟಿಲು, ಉಳಿ ಹೊಡೆದ ಗುರುತು ಹಾಗೇ ಇತ್ತು, ಅದರ ಮೇಲೆ ಯಾರಾದರೂ ಬಿದ್ದದ್ದನ್ನು ನಾನು ಕೇಳಿಲ್ಲ. ಆದರೆ ನೋಡೋಕೆ ಚೆನ್ನಾಗಿಲ್ಲ ಅಂತ ಯಾರಿಗೋ ಅನ್ನಿಸಿತು. ಕಿತ್ತರು, ಹೊಸದು ಹಾಕಿದರು, ಟೇಪು ಕತ್ತರಿಸಿದರು, ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡು ಹೋದರು. ಅದು ಏಪ್ರಿಲ್. ಜೂನ್‌ನಲ್ಲಿ ಮಳೆ ಬಂತು.

ಮಳೆಗಾಲ ಅಂತ ಒಂದು ಇರುತ್ತದೆ ಅನ್ನೋದು ಎಸ್ಟಿಮೇಟ್ ಬರೆಯುವವರಿಗೆ ಪ್ರತಿ ವರ್ಷವೂ ಹೊಸ ಸುದ್ದಿ.

ನಾನು ಬಿದ್ದದ್ದು ಜುಲೈ ಮೊದಲ ವಾರ. ತೀರಿಕೊಂಡ ಅಪ್ಪನ ಹೆಸರಲ್ಲಿದ್ದ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಹೋಗಿದ್ದೆ, “ನಾಳೆ ಬನ್ನಿ” ಅನ್ನಿಸಿಕೊಂಡು ಇಳಿಯುತ್ತಿದ್ದೆ. ಕಾಲಲ್ಲಿ ಸವೆದ ಹವಾಯಿ ಚಪ್ಪಲಿ, ಕೈಯಲ್ಲಿ ಛತ್ರಿ, ಕಂಕುಳಲ್ಲಿ ವಂಶವೃಕ್ಷ. ನಾಲ್ಕನೇ ಮೆಟ್ಟಿಲಲ್ಲಿ ಹಿಮ್ಮಡಿ ಊರಿದೆ. ಊರಿದೆ ಅಂತ ನಾನಂದುಕೊಂಡೆ, ಹಿಮ್ಮಡಿ ಹಾಗಂದುಕೊಳ್ಳಲಿಲ್ಲ. ಛತ್ರಿ ಮೇಲೆ ಹೋಯಿತು, ನಾನು ಕೆಳಗೆ ಬಂದೆ, ಬೈಕ್ ನಿಲ್ಲಿಸುವ ಜಾಗದಲ್ಲಿ ನಿಂತೆ. ನಿಂತೆ ಅಂದರೆ ಕೂತೆ. ವಂಶವೃಕ್ಷಕ್ಕೆ ಮಾತ್ರ ಏನೂ ಆಗಲಿಲ್ಲ, ಲ್ಯಾಮಿನೇಷನ್ ಮಾಡಿಸಿದ್ದೆ. ಅಟೆಂಡರ್ ಓಡಿ ಬಂದು ಎಬ್ಬಿಸಿ, “ಸಾರ್, ಇವತ್ತಿಗೆ ನೀವು ಮೂರನೆಯವರು” ಅಂದ, ತುಂಬಾ ಸಮಾಧಾನದ ದನಿಯಲ್ಲಿ.

ಪೇಪರ್ ಓದುವವರಿಗೆ ಘರ್ಷಣೆ ಅಂದರೆ ಎರಡು ಗುಂಪು, ಕಲ್ಲು ತೂರಾಟ, ಲಾಠಿ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಬೇರೆ ಒಂದು ಘರ್ಷಣೆ ಇತ್ತು, ನೆನಪಿದೆಯಾ? ನಾವು ನಡೆಯೋದು, ಬಸ್ ನಿಲ್ಲೋದು, ಬೆಂಕಿಕಡ್ಡಿ ಹೊತ್ತೋದು, ಗೋಡೆಗೆ ಹೊಡೆದ ಮೊಳೆ ಅಲ್ಲೇ ಇರೋದು, ಎಲ್ಲ ಅದರಿಂದಲೇ. ಒರಟು ಕಲ್ಲಿನಲ್ಲಿ ಸಣ್ಣ ಸಣ್ಣ ಗುಳಿಗಳಿರುತ್ತವೆ. ಕಾಲಿಟ್ಟಾಗ ನೀರು ಅಲ್ಲಿಗೆ ಸರಿದುಕೊಳ್ಳುತ್ತದೆ, ಉಬ್ಬುಗಳು ಚಪ್ಪಲಿಯ ರಬ್ಬರನ್ನು ಕಚ್ಚಿ ಹಿಡಿಯುತ್ತವೆ. ಕನ್ನಡಿ ಪಾಲಿಶ್‌ನಲ್ಲಿ ನೀರಿಗೆ ಹೋಗೋಕೆ ಜಾಗವೇ ಇಲ್ಲ, ಚಪ್ಪಲಿಗೂ ಕಲ್ಲಿಗೂ ನಡುವೆ ಕೂತುಬಿಡುತ್ತದೆ. ಆಗ ನಾವು ಕಲ್ಲಿನ ಮೇಲಲ್ಲ, ನೀರಿನ ಮೇಲೆ ನಡೆಯುತ್ತಿರುತ್ತೇವೆ. ನೀರಿನ ಮೇಲೆ ನಡೆಯೋದು ಸಿದ್ಧಿಪುರುಷರ ಕೆಲಸ, ಪೌತಿ ಖಾತೆಗೆ ಬಂದವರದ್ದಲ್ಲ.

ಇದೇ ಗ್ರಾನೈಟನ್ನು ಒರಟಾಗಿಯೂ ಮಾಡಿ ಕೊಡುತ್ತಾರೆ. ಮೇಲೆ ಜೋರಾಗಿ ಬೆಂಕಿ ಹಾಯಿಸಿದರೆ ಕಲ್ಲಿನ ಹರಳುಗಳು ಪಟಪಟ ಸಿಡಿದು ತರಿತರಿಯಾಗುತ್ತದೆ. ಗ್ರಾನೈಟ್ ಅಂಗಡಿಯಲ್ಲಿ ‘ಫ್ಲೇಮ್ಡ್’ ಅಂತ ಕೇಳಿದರೆ ತೋರಿಸುತ್ತಾರೆ. ಆದರೆ ಅದರಲ್ಲಿ ಮುಖ ಕಾಣಲ್ಲ. ಉದ್ಘಾಟನೆಗೆ ಬಂದವರಿಗೆ ಮುಖ ಕಾಣಬೇಕು, ಅಲ್ವಾ?

ಜರ್ಮನಿಯಲ್ಲಿ ನೆಲದ ಟೈಲು ಎಷ್ಟು ಜಾರುತ್ತದೆ ಅಂತ ನೋಡೋಕೆ ಒಂದು ಪರೀಕ್ಷೆ ಇದೆ. ಟೈಲಿಗೆ ಎಣ್ಣೆ ಸವರುತ್ತಾರೆ. ಶೂ ಹಾಕಿಕೊಂಡ ಒಬ್ಬ, ಬೀಳದ ಹಾಗೆ ಹಗ್ಗ ಕಟ್ಟಿಸಿಕೊಂಡು, ಅದರ ಮೇಲೆ ಹಿಂದೆ ಮುಂದೆ ನಡೆಯುತ್ತಾನೆ. ಪರೀಕ್ಷೆ ಮಾಡುವವರು ಟೈಲು ಕೂರಿಸಿದ ಹಲಗೆಯನ್ನು ನಿಧಾನಕ್ಕೆ ಓರೆ ಮಾಡುತ್ತಾ ಹೋಗುತ್ತಾರೆ. ಎಷ್ಟು ಓರೆಯಾದಾಗ ಅವನು ಜಾರಿದ ಅನ್ನೋದನ್ನು ನೋಡಿ ಆರ್ 9ರಿಂದ ಆರ್ 13ರವರೆಗೆ ದರ್ಜೆ ಕೊಡುತ್ತಾರೆ. ನಮ್ಮಲ್ಲೂ ಪರೀಕ್ಷೆ ಇದೆ ಸ್ವಾಮಿ. ಎಣ್ಣೆ ಬದಲು ಮಳೆ, ಶೂ ಬದಲು ಹವಾಯಿ, ಹಗ್ಗದ ಬದಲು ದೇವರು. ನಡೆಯುವವರು ಪಿಂಚಣಿದಾರರು. ಅದೇ ಕಟ್ಟಡದಲ್ಲಿ ಖಜಾನೆಯೂ ಇದೆ, ಪ್ರತಿ ನವೆಂಬರ್‌ನಲ್ಲಿ ಹಿರಿಯರು ತಾವು ಬದುಕಿದ್ದೇವೆ ಅಂತ ತೋರಿಸಲು ಬರುತ್ತಾರೆ. ಹಿಂಗಾರು ಮಳೆಯಲ್ಲಿ ಆ ಒಂಬತ್ತು ಮೆಟ್ಟಿಲು ಹತ್ತಿ ಒಳಗೆ ಬಂದವರಿಗೆ ಇನ್ನೊಂದು ಸರ್ಟಿಫಿಕೇಟ್ ಯಾಕೆ ಬೇಕೋ ನನಗಂತೂ ಗೊತ್ತಾಗಿಲ್ಲ.

ಜನ ಬಿದ್ದರೆ ಕಚೇರಿ ಸುಮ್ನೆ ಕೂರುತ್ತದಾ? ಕ್ರಮ ಕೈಗೊಂಡರು. ಮೊದಲು ಗೋಣಿಚೀಲ ಹಾಸಿದರು. ನೆಂದ ಗೋಣಿಚೀಲ ಪಾಲಿಶ್ ಕಲ್ಲಿನ ಮೇಲೆ ನಿಲ್ಲಲ್ಲ. ನಾವು ಚೀಲದ ಮೇಲೆ, ಚೀಲ ಕಲ್ಲಿನ ಮೇಲೆ, ಇಬ್ಬರೂ ಒಟ್ಟಿಗೆ ಕೆಳಗೆ. ಆಮೇಲೆ ‘ಮೆಟ್ಟಿಲು ಜಾರುತ್ತದೆ, ಎಚ್ಚರಿಕೆ’ ಅಂತ ಬೋರ್ಡು ಬಂತು. ಅದನ್ನು ತೂಗುಹಾಕಿದ್ದು ಮೆಟ್ಟಿಲು ಹತ್ತಿ ಮುಗಿದ ಮೇಲೆ ಸಿಗುವ ಗೋಡೆಗೆ. ಬದುಕಿ ಮೇಲೆ ಬಂದವರು ಓದಿ ಹೌದು ಹೌದು ಅನ್ನುತ್ತಾರೆ. ಆಮೇಲೆ ಹಳದಿ ಕಪ್ಪು ಪಟ್ಟೆಯ ಒರಟು ಟೇಪು ಅಂಟಿಸಿದರು. ಒದ್ದೆ ಕಲ್ಲಿಗೆ ಅಂಟಿಸಿದ್ದು, ವಾರದಲ್ಲಿ ಕಿತ್ತುಬಂತು, ಈಗ ಅದರ ಒಂದು ತುಂಡು ಎದುರಿನ ಟೀ ಅಂಗಡಿಯವರ ಸೈಕಲ್ ಪೆಡಲ್ ಮೇಲೆ ಚೆನ್ನಾಗಿ ಹಿಡಿದುಕೊಂಡಿದೆ. ಕೊನೆಗೆ ಹಿಡಿದುಕೊಳ್ಳೋಕೆ ಸ್ಟೀಲ್ ಕಂಬಿ. ಅದನ್ನು ಹಿಡಿದರೆ ಅದೂ ನಮ್ಮ ಜೊತೆ ಬರುತ್ತದೆ.

ಪಕ್ಕದಲ್ಲಿ ರ‍್ಯಾಂಪ್ ಇದೆ. ಕಾನೂನು ಪ್ರಕಾರ ಇರಲೇಬೇಕು, ಇದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬಿಡಬೇಕು ಅನ್ನೋದು ಲೆಕ್ಕ. ಒಂಬತ್ತು ಮೆಟ್ಟಿಲು, ಮೆಟ್ಟಿಲಿಗೆ ಅರ್ಧ ಅಡಿ, ನಾಲ್ಕೂವರೆ ಅಡಿ ಎತ್ತರ, ಅಂದರೆ 54 ಅಡಿ ಉದ್ದ ಬೇಕು. ಇವರು ಹತ್ತು ಅಡಿಯಲ್ಲಿ ಮುಗಿಸಿದ್ದಾರೆ, ಅದಕ್ಕೂ ಅದೇ ಗ್ರಾನೈಟ್, ಅದೇ ಪಾಲಿಶ್. ಗಾಲಿಕುರ್ಚಿ ಹತ್ತಲ್ಲ. ಇಳಿಯೋಕೆ ಯಾರ ಸಹಾಯವೂ ಬೇಡ. ಅದು ಗೊತ್ತಿದ್ದೇ ಏನೋ, ಕೆಳಗಿನ ತುದಿಯಲ್ಲಿ ಯಾವಾಗಲೂ ಎರಡು ಬೈಕ್ ಅಡ್ಡ ನಿಂತಿರುತ್ತವೆ.

ಈಗ ರಸ್ತೆ ದಾಟಿ ಎದುರಿನ ಪಾರ್ಕಿಗೆ ಬನ್ನಿ. ಅಲ್ಲಿ ಮಕ್ಕಳಿಗೆ ಅಂತ ಸಿಮೆಂಟಿನ ಜಾರುಬಂಡೆ ಕಟ್ಟಿದ್ದಾರೆ. ಅದಕ್ಕೆ ಪಾಲಿಶ್ ಬೇಕಿತ್ತು, ಕೊಟ್ಟಿಲ್ಲ. ದಪ್ಪ ಮರಳಿನ ಗಾರೆ ಹಾಗೇ ಬಿಟ್ಟಿದ್ದಾರೆ, ಅದರ ಮೇಲೆ ಕೂತ ಮಗು ಕೂತಲ್ಲೇ ಇರುತ್ತದೆ, ಅಮ್ಮ ಕೆಳಗಿನಿಂದ ಕಾಲು ಹಿಡಿದು ಎಳೆಯಬೇಕು. ಚಡ್ಡಿ ಅರ್ಧ ಅಲ್ಲೇ ಉಳಿಯುತ್ತದೆ. ಮಕ್ಕಳೇ ಉಪಾಯ ಮಾಡಿಕೊಂಡಿದ್ದಾರೆ, ಮನೆಯಿಂದ ಅಡಿಕೆ ಹಾಳೆ ತರುತ್ತಾರೆ. ಹಾಳೆಯ ಒಳಮೈ ಮೇಲೆ ಕೂತು, ನುಣುಪಾದ ಹೊರಮೈ ಬಂಡೆಗೆ ಕೊಟ್ಟು ಸೊಂಯ್ ಅಂತ ಇಳಿಯುತ್ತಾರೆ. ಏಳು ವರ್ಷದ ಹುಡುಗನಿಗೆ ಯಾವ ಕಡೆ ಒರಟು ಇರಬೇಕು, ಯಾವ ಕಡೆ ನುಣುಪು ಇರಬೇಕು ಅಂತ ಗೊತ್ತು. ಅವನನ್ನು ಎಂಜಿನಿಯರಿಂಗ್‌ಗೆ ಕಳಿಸಬೇಡಿ, ಮರೆತುಬಿಡುತ್ತಾನೆ.

(ರಸ್ತೆ ಗುಂಡಿಯ ವಿಷಯ ಬೇಡ ಅಂದುಕೊಂಡಿದ್ದೆ. ಆದರೂ ಒಂದು ಮಾತು. ಗುಂಡಿಗೆ ಸುರಿದ ಜಲ್ಲಿ ಎರಡು ದಿನದಲ್ಲಿ ಎದ್ದು ತಿರುವಿನಲ್ಲಿ ಹರಡಿಕೊಳ್ಳುತ್ತದೆ, ಬೈಕಿನ ಚಕ್ರದಡಿ ಉರುಳುತ್ತದೆ. ಬಾಲ್ ಬೇರಿಂಗ್ ಕೆಲಸ ಮಾಡೋದೂ ಹೀಗೇ. ಒಂದೇ ವ್ಯತ್ಯಾಸ, ಬೇರಿಂಗನ್ನು ಗಾಡಿಯ ಒಳಗೆ ಹಾಕುತ್ತಾರೆ, ನಾವು ರಸ್ತೆಗೇ ಹಾಕಿದ್ದೇವೆ.)

ಸರಿ, ಮೆಟ್ಟಿಲು ದಾಟಿ ಕಚೇರಿಯೊಳಗೆ ಬಂದೆವು ಅಂತ ಇಟ್ಟುಕೊಳ್ಳಿ. ಹೊರಗೆ ಇಲ್ಲದ ಘರ್ಷಣೆಯನ್ನೆಲ್ಲ ಒಳಗೆ ತಂದು ಜೋಪಾನ ಮಾಡಿದ್ದಾರೆ. ಬೀರುವಿನ ಬಾಗಿಲು ಒದ್ದರೆ ಮಾತ್ರ ತೆರೆಯುತ್ತದೆ. ಮಳೆಗಾಲಕ್ಕೆ ಉಬ್ಬಿದ ಮೇಜಿನ ಡ್ರಾಯರ್ ಎಳೆದರೆ ಮೇಜೇ ಬರುತ್ತದೆ. ಫೈಲು ಬರಲ್ಲ.

ಫ್ರಾನ್ಸಿನ ಅಮೊಂಟನ್ಸ್ ಅನ್ನುವವನು 1699ರಲ್ಲಿ ಘರ್ಷಣೆಯ ನಿಯಮ ಹೇಳಿದ. ವಸ್ತುವಿನ ಮೇಲೆ ಭಾರ ಜಾಸ್ತಿಯಾದಷ್ಟೂ ಘರ್ಷಣೆ ಜಾಸ್ತಿ. ತಗುಲುವ ಜಾಗ ದೊಡ್ಡದಿರಲಿ ಚಿಕ್ಕದಿರಲಿ, ಘರ್ಷಣೆ ಅಷ್ಟೇ. ಎರಡನೆಯದನ್ನು ನಾವು ಒಪ್ಪುತ್ತೇವೆ, ಕಚೇರಿ ದೊಡ್ಡದಾದರೂ ಚಿಕ್ಕದಾದರೂ ಒಂದೇ. ಮೊದಲನೆಯದು ಮಾತ್ರ ನಮ್ಮೂರಲ್ಲಿ ತಲೆಕೆಳಗು. ಇಲ್ಲಿ ಫೈಲಿನ ಮೇಲೆ ಸ್ವಲ್ಪ ಭಾರ ಇಟ್ಟರೆ ಅದು ಓಡುತ್ತದೆ. ಇನ್ನೂ ಸ್ವಲ್ಪ ಇಟ್ಟರೆ ಹಾರುತ್ತದೆ. ಏನೂ ಇಡದೆ ಹಗುರಾಗಿ ಬಿಟ್ಟರೆ ಬಂಡೆಯ ಹಾಗೆ ಕೂರುತ್ತದೆ. ಇದಕ್ಕೆ ನಮ್ಮ ಹಿರಿಯರು ಎತ್ತಿನ ಗಾಡಿಯ ಲೆಕ್ಕದಲ್ಲಿ ಕೀಲೆಣ್ಣೆ ಅಂದರು, ಪಾಪ, ಅವರಿಗೆ ಅಮೊಂಟನ್ಸ್ ಗೊತ್ತಿರಲಿಲ್ಲ.

ಅದೇ ದೇಶದ ಕೂಲಂಬ್ 1780ರ ದಶಕದಲ್ಲಿ ಇನ್ನೊಂದು ನೋಡಿದ. ಮರದ ಮೇಲೆ ಮರ ಇಟ್ಟು ಎಳೆದ. ತುಂಬಾ ಹೊತ್ತು ಸುಮ್ಮನೆ ಬಿಟ್ಟದ್ದನ್ನು ಹೊರಡಿಸೋಕೆ ಜಾಸ್ತಿ ಬಲ ಬೇಕಾಗುತ್ತದೆ ಅಂತ ಕಂಡುಕೊಂಡ. ಇದಕ್ಕೆ ಅಷ್ಟು ಕಷ್ಟ ಪಡಬೇಕಾಗಿರಲಿಲ್ಲ, ನಮ್ಮ ಕೇಸ್ ವರ್ಕರ್ ಹತ್ತಿರ ಕೇಳಿದ್ದರೆ ಹೇಳುತ್ತಿದ್ದರು. ಇನ್ನೂ ಒಂದು ಮಜಾ ಇದೆ. ಅಮೊಂಟನ್ಸ್ ಹೇಳಿದ್ದನ್ನು ಲಿಯೊನಾರ್ಡೊ ಡಾ ವಿಂಚಿ ಸುಮಾರು ಇನ್ನೂರು ವರ್ಷ ಮೊದಲೇ ತನ್ನ ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದ, ಆದರೆ ಅದು ಹೊರಗೆ ಬರಲೇ ಇಲ್ಲ. ಘರ್ಷಣೆಯ ಫೈಲೇ ಮೂವ್ ಆಗಲಿಲ್ಲ ಅಂದರೆ ನನ್ನ ಪೌತಿ ಖಾತೆ ಯಾವ ಲೆಕ್ಕ.

ಇದಕ್ಕೆ ಕಾನೂನು ಇಲ್ಲವಾ ಅಂದರೆ ಇದೆ, 2011ರ ಸಕಾಲ ಕಾಯ್ದೆ. ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಅರ್ಜಿದಾರನಿಗೆ ಸಿಗಬೇಕು. ಮನಸ್ಸಲ್ಲೇ ಭಾಗಿಸಿ ನೋಡಿ, 25 ದಿನಕ್ಕೆ ಮುಗಿಯಿತು. 26ನೇ ದಿನದಿಂದ ಘರ್ಷಣೆ ಉಚಿತ. ನನ್ನ ವಿಷಯದಲ್ಲಿ ಅಷ್ಟು ದೂರ ಹೋಗಲೇ ಇಲ್ಲ. ಗಡುವಿನ ಹಿಂದಿನ ದಿನ ‘ವಂಶವೃಕ್ಷ ಸ್ಪಷ್ಟವಾಗಿಲ್ಲ’ ಅಂತ ಅರ್ಜಿ ವಾಪಸ್ ಬಂತು. ಲ್ಯಾಮಿನೇಷನ್ ಹೊಳೆಯುತ್ತದಂತೆ, ಓದೋಕೆ ಆಗಲ್ಲವಂತೆ. ಹೊಳಪಿನ ಬಗ್ಗೆ ಆ ಕಟ್ಟಡದಲ್ಲಿ ಯಾರಾದರೂ ತಕರಾರು ತೆಗೆದದ್ದು ಅದೇ ಮೊದಲು.

ನಾನು ಚಿಕ್ಕವನಿದ್ದಾಗ ನಮ್ಮ ಬೀದಿಗೆ ವರ್ಷಕ್ಕೊಮ್ಮೆ ಕಲ್ಲಿನ ಕೆಲಸದವರೊಬ್ಬರು ಬರುತ್ತಿದ್ದರು. ಬೀಸುವ ಕಲ್ಲು ಸವೆದು ನುಣ್ಣಗಾದರೆ ರಾಗಿ ಹಿಟ್ಟಾಗಲ್ಲ, ಸುಮ್ನೆ ಒಳಗೇ ಸುತ್ತುತ್ತದೆ. ಅವರು ಜಗುಲಿ ಕೆಳಗೆ ಕೂತು, ಉಳಿ ಇಟ್ಟು, ಚಿಕ್ಕ ಸುತ್ತಿಗೆಯಲ್ಲಿ ಟಿಕ್ ಟಿಕ್ ಅಂತ ಕಲ್ಲಿಗೆಲ್ಲ ಚುಕ್ಕೆ ಹೊಡೆಯುತ್ತಿದ್ದರು. ಕಣ್ಣಿಗೆ ಪುಡಿ ಹಾರುತ್ತದೆ ಅಂತ ಅಮ್ಮ ನಮ್ಮನ್ನು ದೂರ ಕೂರಿಸುತ್ತಿದ್ದಳು. ಕೆಲಸ ಮುಗಿದ ಮೇಲೆ ಅವರು ಕಲ್ಲಿನ ಮೇಲೆ ಅಂಗೈ ಆಡಿಸಿ ನೋಡುತ್ತಿದ್ದರು, ಕೈಗೆ ತರಿತರಿ ಸಿಕ್ಕರೆ ಮಾತ್ರ ದುಡ್ಡು ಕೇಳುತ್ತಿದ್ದರು. ಈಗ ಅವರಿಗೆ ವಯಸ್ಸಾಗಿದೆ, ಆದರೂ ಸಂತೆ ದಿನ ಸಿಗುತ್ತಾರೆ. ಕಚೇರಿ ಮೆಟ್ಟಿಲು ತೋರಿಸಿದೆ. ಚಪ್ಪಲಿ ಬಿಟ್ಟು ಒಂದು ಮೆಟ್ಟಿಲ ಮೇಲೆ ಹೆಬ್ಬೆರಳು ಎಳೆದು ನೋಡಿದರು.

“ತಮ್ಮಾ, ಇದಕ್ಕೆ ಏನು ಮಹಾ. ಒಂದೊಂದರ ಅಂಚಿಗೂ ಎರಡು ಸಾಲು ಉಳಿ ಹೊಡೆದು ಕೊಡ್ತೀನಿ. ಒಂದೂವರೆ ದಿನ ಆಯ್ತದೆ. ಊಟ ಕೊಡ್ಸು, ಕೂಲಿ ನೀನು ಕೊಟ್ಟಷ್ಟು.”

ಖುಷಿಯಾಗಿ ಒಳಗೆ ಹೋಗಿ ಹೇಳಿದೆ. ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಸರ್ಕಾರಿ ಆಸ್ತಿಗೆ ಉಳಿ ಹಾಕೋದಾ? ಪಾಲಿಶ್ ಹಾಳಾದರೆ ಆಡಿಟ್‌ನಲ್ಲಿ ಯಾರು ಉತ್ತರ ಕೊಡುತ್ತಾರೆ? ಪ್ರಸ್ತಾವನೆ ಬರಲಿ, ತಾಂತ್ರಿಕ ಅಭಿಪ್ರಾಯ ಬರಲಿ, ಮೇಲಿನಿಂದ ಮಂಜೂರಾತಿ ಬರಲಿ. ನಾನು ಅರ್ಜಿ ಬರೆದುಕೊಟ್ಟೆ. ಸ್ವೀಕೃತಿಗೆ ಒಂದು ನಂಬರ್ ಕೊಟ್ಟರು. ಹೀಗೆ ನನ್ನದು ಅಲ್ಲಿ ಎರಡನೇ ಫೈಲಾಯಿತು.

ಹೋದ ವಾರ ವಿಚಾರಿಸಲು ಹೋಗಿದ್ದೆ, ಎಲ್ಲರ ಹಾಗೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಫೈಲು ಮೂರನೇ ಮೇಜಿನ ಮೇಲಿತ್ತು. ಕೇಸ್ ವರ್ಕರ್ ಇರಲಿಲ್ಲ, ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಉಳಿದ ಮೇಜುಗಳ ಕಾಗದಗಳೆಲ್ಲ ಪಟಪಟ ಬಡಿದುಕೊಳ್ಳುತ್ತಿದ್ದವು. ನನ್ನದು ಮಾತ್ರ ಕದಲಿರಲಿಲ್ಲ. ಮೇಲೆ ಒಂದು ಪೇಪರ್‌ವೇಟ್ ಇತ್ತು, ಮೂರಿಂಚಿನ ಕಪ್ಪು ಗ್ರಾನೈಟ್ ತುಂಡು, ಅಂಚು ಉಜ್ಜಿ ಚೆನ್ನಾಗಿ ಮಾಡಿದ್ದು. ಮೆಟ್ಟಿಲು ಹಾಕಿದವರು ಉಳಿದ ಕಲ್ಲಿನಲ್ಲಿ ಮೇಜಿಗೊಂದರಂತೆ ಮಾಡಿಸಿ ಉದ್ಘಾಟನೆ ದಿನ ಹಂಚಿದ್ದರಂತೆ, ಅಟೆಂಡರ್ ಹೇಳಿದ. ಮೇಲೆ ನನ್ನ ಮುಖ ಕಾಣುತ್ತಿತ್ತು. ಎತ್ತಿ ತಿರುಗಿಸಿ ಅಡಿಭಾಗದ ಮೇಲೆ ಅಂಗೈ ಆಡಿಸಿ ನೋಡಿದೆ. ಅಲ್ಲಿ ಪಾಲಿಶ್ ಮಾಡಿರಲಿಲ್ಲ.