ಚಪಾತಿ ತಿನ್ನಿ, ಷರತ್ತುಗಳು ಅನ್ವಯ

ಕ್ಯಾಪ್ಸೂಲ್ ಡಬ್ಬಿಯ ಮುಂದೆ ಬಂಗಾರದ ಬಣ್ಣದ ಗೋಧಿ ತೆನೆ, ಪಕ್ಕದಲ್ಲಿ ಹಬೆಯಾಡುವ ಬ್ರೆಡ್ಡು, ಮೇಲೆ ದಪ್ಪಕ್ಷರದಲ್ಲಿ ‘ಗ್ಲುಟೆನ್ ಜೀರ್ಣಕ್ಕೆ ನೆರವು’. ಡಬ್ಬಿ ತಿರುಗಿಸಿ. ಭೂತಗನ್ನಡಿ ಹಿಡಿದು ಓದಬೇಕಾದ ಅಕ್ಷರದಲ್ಲಿ ಇನ್ನೊಂದು ಸಾಲು ಸಿಗುತ್ತದೆ: ಸೀಲಿಯಾಕ್ ಕಾಯಿಲೆ ಇರುವವರಿಗಲ್ಲ. ಅಂದರೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಯಾರ ಕರುಳನ್ನು ನಿಜಕ್ಕೂ ಹಾಳು ಮಾಡುತ್ತದೋ ಅವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಧಾರಾಳವಾಗಿ ನುಂಗಬಹುದು. ‘ಮಳೆ ಬಂದಾಗ ಬಿಚ್ಚಬೇಡಿ’ ಎಂದು ಹಿಡಿಯ ಮೇಲೆ ಬರೆದಿರುವ ಕೊಡೆಯನ್ನು ಯಾರಾದರೂ ಮಾರಿದರೆ ಅಂಗಡಿ ಮುಂದೆಯೇ ಜಗಳ ತೆಗೆಯುತ್ತೇವೆ. ಕ್ಯಾಪ್ಸೂಲ್ ಮಾರಿದವನಿಗೆ ಮಾತ್ರ ಆನ್‌ಲೈನಿನಲ್ಲಿ ಐದು ನಕ್ಷತ್ರ ಕೊಟ್ಟು ಬರುತ್ತೇವೆ.

ಅವನ ಡಬ್ಬಿಯ ಮೇಲೂ ಒಂದು ನಕ್ಷತ್ರ ಇರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಅಮೆರಿಕದ 1994ರ ಕಾನೂನಿನ ಪ್ರಕಾರ ‘ಆಹಾರ ಪೂರಕ’ ಎಂಬ ಹಣೆಪಟ್ಟಿ ಕಟ್ಟಿಕೊಂಡರೆ ಸಾಕು, ಇದು ಕೆಲಸ ಮಾಡುತ್ತದೆ ಎಂದು ಅಲ್ಲಿನ ಆಹಾರ-ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಮುಂದೆ ಮೊದಲೇ ರುಜುವಾತು ಮಾಡಬೇಕಿಲ್ಲ. ಹೇಳುವುದನ್ನೆಲ್ಲ ಹೇಳಿ, ಕೊನೆಗೊಂದು ನಕ್ಷತ್ರ ಅಂಟಿಸಿ, ಬುಡದಲ್ಲಿ ‘ಈ ಹೇಳಿಕೆಯನ್ನು ಎಫ್‌ಡಿಎ ಪರಿಶೀಲಿಸಿಲ್ಲ, ಯಾವ ರೋಗವನ್ನೂ ಗುಣಪಡಿಸಲು ಇದನ್ನು ಉದ್ದೇಶಿಸಿಲ್ಲ’ ಎಂದು ಬರೆದರೆ ಪಾಪ ಪರಿಹಾರ. ನಾವೇನು ಕಡಿಮೆಯಿಲ್ಲ. ನಮ್ಮ ಎಫ್‌ಎಸ್‌ಎಸ್‌ಎಐ ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಇಂಥ ಪೂರಕಗಳ ಮೇಲೆ ‘ಔಷಧಿಯಾಗಿ ಬಳಸಲು ಅಲ್ಲ’ ಎಂದು ಬರೆಯಲೇಬೇಕು. ಬರೆಯುತ್ತಾರೆ. ಬರೆದು, ಮೆಡಿಕಲ್ ಶಾಪಿನಲ್ಲಿ ಇಟ್ಟು ಮಾರುತ್ತಾರೆ.

ಕ್ಯಾಪ್ಸೂಲ್ ಪಕ್ಷದವರ ವಾದ ಕೇಳಲು ಸೊಗಸು. ಹಾಲು ಆಗದವರಿಗೆ ಲ್ಯಾಕ್ಟೇಸ್ ಮಾತ್ರೆ ಇಲ್ಲವೇ? ಗೋಧಿ ಆಗದವರಿಗೆ ಇದು! ಸ್ವಾಮಿ, ಹಾಲಿನ ಸಕ್ಕರೆ ಅರಗದಿದ್ದರೆ ಹೊಟ್ಟೆ ಒಂದಿಷ್ಟು ಗುಡುಗುಡು ಎಂದು, ನಾಲ್ಕು ಸಲ ಓಡಾಡಿಸಿ ಸುಮ್ಮನಾಗುತ್ತದೆ. ಸೀಲಿಯಾಕ್‌ನಲ್ಲಿ ಅರಗುವ ಶಕ್ತಿಯ ಕೊರತೆಯೇ ಇಲ್ಲ. ಗ್ಲುಟೆನ್ನಿನ ಕೆಲವು ತುಣುಕುಗಳನ್ನು, ಉದಾಹರಣೆಗೆ 33 ಅಮೈನೋ ಆಮ್ಲಗಳ ಒಂದು ಹಟಮಾರಿ ಸರವನ್ನು, ಯಾರ ಹೊಟ್ಟೆಯೂ ಪೂರ್ತಿ ಕತ್ತರಿಸಲಾರದು, ನಿಮ್ಮದೂ, ನನ್ನದೂ. ನಮ್ಮ ದೇಹ ಅದನ್ನು ಕಂಡೂ ಕಾಣದಂತೆ ಇರುತ್ತದೆ. ಸೀಲಿಯಾಕ್ ಇರುವವರ ರೋಗನಿರೋಧಕ ಪಡೆ ಅದನ್ನು ನೋಡಿದ್ದೇ ತನ್ನದೇ ಸಣ್ಣ ಕರುಳಿನ ಮೇಲೆ ಮುಗಿಬೀಳುತ್ತದೆ. ಅನ್ನದ ಸಾರ ಹೀರುವ ನವಿರು ಎಳೆಗಳು ಸವೆದು ಗೋಡೆ ಬೋಳಾಗುತ್ತದೆ. ರಕ್ತಹೀನತೆ, ಸವೆದ ಮೂಳೆ, ಬೆಳೆಯದ ಮಕ್ಕಳು, ಎಲ್ಲ ಅದರ ಹಿಂದಿನಿಂದ ಬರುವುದು.

ಇಷ್ಟು ದೊಡ್ಡ ರಾದ್ಧಾಂತಕ್ಕೆ ಡಬ್ಬಿಯವರು ಕಳಿಸುವ ವೀರನ ಹೆಸರು ಡಿಪಿಪಿ-4, ಪ್ರೋಟೀನ್ ಕತ್ತರಿಸುವ ಒಂದು ಎಂಜೈಮ್. ಬಹಳಷ್ಟು ಡಬ್ಬಿಗಳಲ್ಲಿ ಇವನದೇ ಹೆಸರು. ಇವನ ಕಸುಬು ಸರದ ತುದಿಯಿಂದ ಎರಡೆರಡೇ ಕೊಂಡಿ ಬಿಚ್ಚುವುದು. ನಡುವೆ ಕೈ ಹಾಕುವ ಅಭ್ಯಾಸವಿಲ್ಲ. ಜಠರದ ಹುಳಿಯಲ್ಲಿ ಇವನಿಗೆ ಮೈ ಬಗ್ಗುವುದಿಲ್ಲ. ಹುಳಿ ಕಳೆದು ಕರುಳಿಗೆ ಇಳಿದ ಮೇಲೆ ಕೆಲಸಕ್ಕೆ ಕೂರುತ್ತಾನೆ, ಆದರೆ ಹೊಡೆದಾಟ ಶುರುವಾಗುವುದೇ ಕರುಳಿನ ಆ ಮೊದಲ ತಿರುವಿನಲ್ಲಿ. 2015ರಲ್ಲಿ ಡಚ್ ಸಂಶೋಧಕರು ಪೇಟೆಯಲ್ಲಿ ಸಿಗುವ ಐದು ಎಂಜೈಮ್ ಪೂರಕಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಕೂರಿಸಿದರು. ಕಾಯಿಲೆ ಕೆರಳಿಸುವ ತುಣುಕುಗಳು ಐದರ ಮುಂದೆಯೂ ಜಪ್ಪಯ್ಯ ಎನ್ನಲಿಲ್ಲ. ಆಸ್ಪರ್‌ಜಿಲ್ಲಸ್ ನೈಜರ್ ಎಂಬ ಬೂಷ್ಟಿನಿಂದ ತೆಗೆದ ಇನ್ನೊಂದು ಎಂಜೈಮ್ ಚೆನ್ನಾಗಿ ಕತ್ತರಿಸುತ್ತದೆ, ಅದನ್ನು ಒಪ್ಪಬೇಕು. ಆದರೆ ಚೆನ್ನಾಗಿ ಎಂದರೆ ಎಷ್ಟು?

ಒಂದು ಚಪಾತಿಯಲ್ಲಿ ಹತ್ತಿರ ಹತ್ತಿರ 2 ಗ್ರಾಂ ಗ್ಲುಟೆನ್, ಅಂದರೆ 2000 ಮಿಲಿಗ್ರಾಂ ಎನ್ನೋಣ. ಸೀಲಿಯಾಕ್ ಇರುವವರು ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಕ್ಷೇಮ ಎನ್ನುತ್ತಾರೆ; ದಿನಕ್ಕೆ 50 ಮಿಲಿಗ್ರಾಂ ಮೂರು ತಿಂಗಳು ಹೋದರೆ ಕರುಳು ಕೆಡುತ್ತದೆಂದು ಇಟಲಿಯವರು 2007ರಲ್ಲಿ ತೋರಿಸಿದ್ದಾರೆ. ಈಗ ನಿಮ್ಮ ಕ್ಯಾಪ್ಸೂಲ್ ನೂರಕ್ಕೆ 99 ಅಂಕ ತೆಗೆಯಿತು ಅನ್ನಿ. ಉಳಿದದ್ದು 20 ಮಿಲಿಗ್ರಾಂ. ಎಸ್‌ಎಸ್‌ಎಲ್‌ಸಿಯಲ್ಲಿ 99 ಬಂದರೆ ಬೀದಿಗೆಲ್ಲ ಪೇಡಾ ಹಂಚುತ್ತಾರೆ, ಇಲ್ಲಿ ಫೇಲು. ಅದೂ ಒಂದೇ ಚಪಾತಿಗೆ. ಒಂದೇ ಚಪಾತಿಗೆ ಕೈ ತೊಳೆಯುವವರನ್ನು ನಾನಂತೂ ಕಂಡಿಲ್ಲ.

ಪೂರಕವಲ್ಲದೆ ನಿಜವಾದ ಔಷಧಿಯಾಗಲು ಹೊರಟ ಎಂಜೈಮೂ ಇದೆ, ಲ್ಯಾಟಿಗ್ಲುಟೆನೇಸ್. ಗ್ಲುಟೆನ್ ಬಿಟ್ಟ ಪಥ್ಯದಲ್ಲಿದ್ದೂ ಪೂರ್ತಿ ಚೇತರಿಸಿಕೊಳ್ಳದ 494 ರೋಗಿಗಳ ಮೇಲೆ ನಡೆದ ಅದರ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಔಷಧಿ ನುಂಗಿದವರ ಕರುಳು ಸುಧಾರಿಸಿತ್ತು. ಒಳಗೆ ಔಷಧಿಯೇ ಇಲ್ಲದ ಹುಸಿ ಮದ್ದು ನುಂಗಿದವರ ಕರುಳೂ ಅಷ್ಟೇ ಸುಧಾರಿಸಿತ್ತು! ಪ್ರಯೋಗಕ್ಕೆ ಸೇರಿದ್ದೇವೆಂಬ ಭಯಭಕ್ತಿಗೆ ಎಲ್ಲರೂ ಪಥ್ಯ ಬಿಗಿ ಮಾಡಿರಬೇಕು ಎಂಬುದೊಂದು ವಿವರಣೆ. ಆಮೇಲಿನ ಚಿಕ್ಕ ಪ್ರಯೋಗವೊಂದು ಕೊಂಚ ಆಸೆ ಹುಟ್ಟಿಸಿದೆ, ನಿಜ. ಆ ವಿಜ್ಞಾನಿಗಳು ಕೂಡ ಕೇಳುತ್ತಿರುವುದು ಅಕಸ್ಮಾತ್ ಬೆರೆತ ಚೂರುಪಾರಿಗೆ ರಕ್ಷಣೆ ಸಿಕ್ಕೀತೇ ಎಂದಷ್ಟೇ. ಪೂರಿಗೆ ಪರವಾನಗಿ ಕೊಡಿ ಎಂದು ಅವರು ಕೇಳಿಲ್ಲ.

ಆದರೆ ಡಬ್ಬಿಯ ಅಸಲಿ ಗಿರಾಕಿ ರೋಗಿಯಲ್ಲ, ರೋಗಿಯ ನೆಂಟರು. ಉತ್ತರ ಭಾರತದಲ್ಲಿ ಸುಮಾರು ನೂರಕ್ಕೊಬ್ಬರಿಗೆ ಇರುವ ಈ ಕಾಯಿಲೆ ದಕ್ಷಿಣದಲ್ಲಿ ಸಾವಿರಕ್ಕೊಬ್ಬರ ಆಸುಪಾಸು. ಹಾಗಾಗಿ ನಮ್ಮ ಕಡೆ ಅದು ಕಾಯಿಲೆಯಲ್ಲ, ಕೊಬ್ಬು. ಮದುವೆ ಮನೆಯ ಎರಡನೇ ಪಂಕ್ತಿಯಲ್ಲಿ ಒಂದು ಹುಡುಗಿ ಹೋಳಿಗೆಗೆ ಅಡ್ಡ ಕೈ ಹಿಡಿದಳೆನ್ನಿ.

“ಒಂದೇ ಒಂದು ಹಾಕಿಸ್ಕೊಳೆ, ಏನೂ ಆಗಲ್ಲ. ನಿಮ್ಮಣ್ಣ ಡಲ್ಲಾಸಿಂದ ತಂದ ಮಾತ್ರೆ ಇದೆಯಲ್ಲ, ನುಂಗಿದ್ರಾಯ್ತು,” ಎದುರು ಸಾಲಿನಿಂದ ದೊಡ್ಡಮ್ಮ.

“ಆ ಮಾತ್ರೆಯಿಂದ ಏನೂ ಆಗಲ್ಲ ದೊಡ್ಡಮ್ಮ.”

“ಅದನ್ನೇ ನಾನೂ ಹೇಳ್ತಿರೋದು, ಏನೂ ಆಗಲ್ಲ ಅಂತ!”

ಹುಡುಗಿ ಅನ್ನಕ್ಕೆ ಎಲೆಯಲ್ಲಿ ಜಾಗ ಮಾಡಿದಳು. ಸಾರಿನ ಬಕೆಟ್ ಬಂತು. ಇದಕ್ಕೆ ಇಂಗು ಯಾವುದು ಹಾಕಿದ್ದೀರಿ ಎಂದು ಕೇಳಿದಳು, ಪೇಟೆಯ ಎಷ್ಟೋ ಇಂಗಿನ ಡಬ್ಬಿಗಳಲ್ಲಿ ಇಂಗಿಗಿಂತ ಗೋಧಿ ಹಿಟ್ಟೇ ಹೆಚ್ಚಿರುತ್ತದೆ, ಅದಕ್ಕೆ. ಬಡಿಸುವವರು ಬಕೆಟ್ಟನ್ನೂ ಅವಳನ್ನೂ ಒಮ್ಮೆ ನೋಡಿ ಮುಂದಿನ ಎಲೆಗೆ ಹೋದರು.

“ಇಂಗಿಗೂ ಆಗಲ್ವಾ?” ದೊಡ್ಡಮ್ಮನಿಗೆ ಈಗ ನಿಜಕ್ಕೂ ಗಾಬರಿ. “ಹಾಗಾದ್ರೆ ಒಂದು ಸಾಲಲ್ಲ ಕಣೆ, ಎರಡು ನುಂಗು.”