ಬರಲ್ಲ ಅಂದ್ರೆ ಬರೆದು ಕೊಡಿ

ಇವತ್ತು ಬೆಳಗ್ಗೆ ಕಾರು ಸರ್ವಿಸ್‌ಗೆ ಬಿಡೋಕೆ ಹೋಗಿದ್ದೆ. ಅಲ್ಲಿ ನೋಡಿದ್ದು ಇನ್ನೂ ತಲೆಯಿಂದ ಇಳಿದಿಲ್ಲ. ಊಟ ಮುಗಿಸಿ ನೇರವಾಗಿ ಬರೆಯೋಕೆ ಕೂತಿದ್ದೇನೆ. ಉದ್ದ ಆಗುತ್ತದೆ. ಗಾಡಿ ಇರುವವರು ದಯವಿಟ್ಟು ಪೂರ್ತಿ ಓದಿ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕೌಂಟರ್ ಮುಂದೆ ನಿಂತಿದ್ದರು. ಎಪ್ಪತ್ತು ದಾಟಿರಬೇಕು. ಮಳೆಯಲ್ಲಿ ರಸ್ತೆ ಮೇಲೆ ನಿಂತ ನೀರಿಗೆ ಕಾರು ಇಳಿದು ಅಲ್ಲೇ ಬಂದ್ ಆಗಿದೆ. ಶಿವಮೊಗ್ಗದವರೆಗೆ ಎಳೆಸಿಕೊಂಡು ಬಂದಿದ್ದಾರೆ. ಇಂಜಿನ್ ಬಿಚ್ಚಬೇಕು, ಖರ್ಚು ಲಕ್ಷ ದಾಟುತ್ತದೆ ಅಂತ ಎಸ್ಟಿಮೇಟ್ ಹಾಕಿದ್ದಾರೆ. ಕೌಂಟರಿನ ಹುಡುಗ ವಿಮಾ ಕಂಪನಿಗೆ ಮಾಡಿದ್ದ ಫೋನ್ ಕೆಳಗಿಟ್ಟು, "ಇಂಜಿನ್‌ಗೆ ಕ್ಲೈಮ್ ಬರಲ್ವಂತೆ ಸರ್. ಒಳಗೆ ನೀರು ಹೋದ್ರೆ ಕೊಡಲ್ಲ ಅಂದ್ರು. ನೀವು ಓಕೆ ಅಂದ್ರೆ ಕೆಲಸ ಶುರು ಮಾಡ್ತೀವಿ" ಅಂದ. ಅವರು "ಹೌದಾ" ಅಂದರು, ಅಷ್ಟೇ. ಎಸ್ಟಿಮೇಟ್‌ಗೆ ಸಹಿ ಹಾಕೋಕೆ ಪೆನ್ನು ತೆಗೆದರು.

ನನಗೆ ಸುಮ್ನೆ ಇರೋಕೆ ಆಗಲಿಲ್ಲ. "ಯಜಮಾನ್ರೇ, ಸ್ವಲ್ಪ ತಡೀರಿ. ಬರಲ್ಲ ಅಂತ ಬರೆದು ಕೊಟ್ಟಿದ್ದಾರಾ?" ಅಂತ ಕೇಳಿದೆ. ಹುಡುಗನೇ ಉತ್ತರ ಕೊಟ್ಟ. "ಇಲ್ಲ ಮೇಡಂ, ಫೋನಲ್ಲಿ ಹೇಳಿದ್ರು. ಅದನ್ನೆಲ್ಲ ಬರೆದು ಕೊಡಲ್ಲ."

ಪಾಲಿಸಿ ಅವರ ಮೊಬೈಲಿನಲ್ಲೇ ಇತ್ತು. ಯಾವತ್ತೂ ತೆಗೆದು ನೋಡಿರಲಿಲ್ಲ. ನಾವಿಬ್ಬರೂ ಕೂತು ನೋಡಿದೆವು. ಎರಡನೇ ಪುಟದಲ್ಲಿ ಇಂಜಿನ್ ಪ್ರೊಟೆಕ್ಟ್ ಅಂತ ಆಡ್‌-ಆನ್ ಇದೆ! ಅದಕ್ಕೆ ಬೇರೆ ದುಡ್ಡು ಕಟ್ಟಿಸಿಕೊಂಡಿದ್ದಾರೆ. ಮಾಮೂಲಿ ಪಾಲಿಸಿಯಲ್ಲಿ ಇಂಜಿನ್ ಒಳಗೆ ನೀರು ಹೋಗಿ ಆದ ನಷ್ಟವನ್ನು ಸಾಮಾನ್ಯವಾಗಿ ಕೊಡುವುದಿಲ್ಲ, ಅದು ನಿಜ. ಅದಕ್ಕಾಗಿಯೇ ಈ ಆಡ್‌-ಆನ್ ಮಾರುವುದು ಅಲ್ವಾ? ಇದನ್ನು ತೋರಿಸಿ, "ಬರಲ್ಲ ಅನ್ನೋದಾದ್ರೆ ಯಾವ ಷರತ್ತಿನ ಪ್ರಕಾರ ಅಂತ ಇಮೇಲ್ ಕಳಿಸೋಕೆ ಹೇಳಪ್ಪ" ಅಂದೆ. ಹುಡುಗ ಮತ್ತೆ ಫೋನ್ ಮಾಡಿದ. ಈ ಸಲ ಉತ್ತರ ಬೇರೆ. "ಚೆಕ್ ಮಾಡಿ ಹೇಳ್ತೀವಿ."

ಸ್ವಲ್ಪ ಹೊತ್ತಿನ ಹಿಂದೆ ಖಡಾಖಂಡಿತವಾಗಿ ಬರಲ್ಲ ಅಂದವರು ಇವರೇ. ಕಾಗದ ಕೇಳಿದ ಕೂಡಲೇ ಚೆಕ್ ಮಾಡಬೇಕು ಅನ್ನಿಸಿತು. ನನ್ನ ಸಿಟ್ಟು ಇರುವುದು ಇದರ ಮೇಲೆ. ಕ್ಲೈಮ್ ಕೊಡುವುದು ಬಿಡುವುದು ಆಮೇಲಿನ ಮಾತು. ಇಲ್ಲ ಅನ್ನುವುದನ್ನು ಬಾಯಲ್ಲಿ ಹೇಳಿ ಮುಗಿಸುತ್ತಾರಲ್ಲ, ಅದು ಸರಿಯಲ್ಲ.

ನಿಮಗೆಲ್ಲ ಗೊತ್ತು, ನಾನು ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವಳು. ನಮ್ಮ ಕಚೇರಿಗಳನ್ನು ಜನ ಬೈಯುತ್ತಾರೆ, ಬೈಯಲು ಕಾರಣವೂ ಇದೆ. ಆದರೆ ಅಲ್ಲಿ ಅರ್ಜಿ ತಿರಸ್ಕಾರ ಆದರೆ ಹಿಂಬರಹ ಕೊಡಬೇಕು. ಕಾರಣ ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಡಬೇಕು. ಆ ಒಂದು ಹಾಳೆ ಹಿಡಿದುಕೊಂಡು ರೈತ ಎಸಿ ಕೋರ್ಟಿಗೆ ಹೋಗಬಹುದು. ಹಾಳೆ ಇಲ್ಲದಿದ್ದರೆ ಎಲ್ಲಿಗೂ ಹೋಗೋಕೆ ಆಗಲ್ಲ. ಫೋನಿನಲ್ಲಿ ಇಲ್ಲ ಅಂದವನು ನಾಳೆ "ನಾನು ಹಾಗೆ ಹೇಳೇ ಇಲ್ಲ" ಅನ್ನಬಹುದು.

ಎಲ್ಲ ಕಡೆ ಹೀಗೇ ನಡೆಯುತ್ತದೆ ಅಂತ ನಾನು ಹೇಳಲ್ಲ. ಒಂದು ಆಷಾಢದ ಗಾಳಿಗೆ ನಮ್ಮ ಮನೆ ಮುಂದಿನ ಮರದ ಕೊಂಬೆ ಮುರಿದು ಕಾರಿನ ಮೇಲೆ ಬಿತ್ತು. ಮುಂದಿನ ಗಾಜು, ಬಾನೆಟ್, ಬಂಪರ್ ಎಲ್ಲ ಹೋಗಿತ್ತು. ನಷ್ಟದ ಲೆಕ್ಕ ಹಾಕುವ ಸರ್ವೇಯರ್ ಬಂದರು. ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವರು. ಫೋಟೋ ತೆಗೆದರು, ನನ್ನ ಜೊತೆ ಕೂತು ಹಾಳೆಯಲ್ಲಿ ಒಂದೊಂದಾಗಿ ಬರೆದು ತೋರಿಸಿದರು. ಗಾಜಿಗೆ ಕಡಿತ ಇಲ್ಲ. ಬಂಪರ್ ಪ್ಲಾಸ್ಟಿಕ್, ಅದಕ್ಕೆ ಅರ್ಧ ಮಾತ್ರ. ಕಾರಿಗೆ ಮೂರು ವರ್ಷ ದಾಟಿ ನಾಲ್ಕು ತುಂಬಿಲ್ಲ, ಹಾಗಾಗಿ ಬಾನೆಟ್ಟಿನ ಲೋಹಕ್ಕೆ ಶೇ. 25 ಸವಕಳಿ. 1500 ಸಿಸಿ ಒಳಗಿನ ಕಾರಾದ್ದರಿಂದ ಕಡ್ಡಾಯವಾಗಿ 1000 ರೂಪಾಯಿ ನನ್ನ ಪಾಲು. "ನೀವು ಜೀರೋ ಡೆಪ್ ತಗೊಂಡಿದ್ರೆ ಈ ಸವಕಳಿ ಇರ್ತಿರಲಿಲ್ಲ ಆಂಟಿ" ಅಂತಲೂ ಹೇಳಿದರು. ಬಿಲ್ಲಿನ ಪೂರ್ತಿ ಹಣ ಬರಲಿಲ್ಲ. ಆದರೂ ನನಗೆ ಬೇಜಾರಾಗಲಿಲ್ಲ. ಪ್ರತಿ ರೂಪಾಯಿ ಯಾಕೆ ಕಟ್ ಆಯಿತು ಅಂತ ಹಾಳೆಯಲ್ಲಿ ಇತ್ತು. ಆ ಹುಡುಗನಿಗೆ ಅವತ್ತು ಊಟ ಹಾಕದೆ ಕಳಿಸಲಿಲ್ಲ ನಾನು. ಅಷ್ಟು ಸಂತೋಷ ಆಗಿತ್ತು.

ಇನ್ನೊಂದು ವಿಷಯ ಇಲ್ಲಿ ಯಾವತ್ತೂ ಬರೆದಿರಲಿಲ್ಲ. ಇವತ್ತು ಬರೆಯುತ್ತೇನೆ. ನನ್ನ ತಂಗಿಯ ಗಂಡ ಬೈಕ್ ಅಪಘಾತದಲ್ಲಿ ಹೋದರು. ಹತ್ತಿರದವರಿಗೆ ಅದು ಗೊತ್ತು. ಕಾರ್ಯವೆಲ್ಲ ಮುಗಿದ ಮೇಲೆ ಪಾಲಿಸಿ ಮಾಡಿಸಿದವನಿಗೆ ತಂಗಿ ಫೋನ್ ಮಾಡಿದ್ದಳು. "ಅದು ಬರೀ ಥರ್ಡ್ ಪಾರ್ಟಿ ಅಕ್ಕ, ಗಾಡಿ ಓಡಿಸಿದವರಿಗೆ ಏನೂ ಬರಲ್ಲ" ಅಂದನಂತೆ. ಅವಳು ನಂಬಿದಳು. ಆ ಸ್ಥಿತಿಯಲ್ಲಿ ಯಾರು ಎದುರು ಪ್ರಶ್ನೆ ಕೇಳುತ್ತಾರೆ? ಬಳೆ ಅಡ ಇಟ್ಟು ಮಕ್ಕಳ ಫೀಸು ಕಟ್ಟಿದಳು. ತಿಂಗಳುಗಳಾದ ಮೇಲೆ ಬೈಕಿನ ಕಾಗದ ನನ್ನ ಕೈಗೆ ಬಂತು. ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ, 15 ಲಕ್ಷ ಅಂತ ಅದರಲ್ಲೇ ಇದೆ. ಅದಕ್ಕೆ ಪ್ರೀಮಿಯಂ ಕಟ್ಟಿದ್ದೂ ಇದೆ. ನಾನೇ ಪತ್ರ ಬರೆದು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಂಪನಿಗೆ ಕಳಿಸಿದೆ. ಎಫ್‌ಐಆರ್, ಪೋಸ್ಟ್‌ಮಾರ್ಟಂ ವರದಿ, ಲೈಸೆನ್ಸ್ ಪ್ರತಿ ಕೇಳಿದರು, ಕೊಟ್ಟೆವು. ಕೊನೆಗೆ ಹಣ ಬಂತು. ಆದರೆ ಅವಳು ಆ ತಿಂಗಳುಗಳನ್ನು ಹೇಗೆ ಕಳೆದಳು ಅಂತ ನೆನೆಸಿಕೊಂಡರೆ ಇವತ್ತಿಗೂ ನನಗೆ ಅಳು ಬರುತ್ತದೆ. ಆ ಒಂದು ಮಾತನ್ನು ಬರೆದು ಕೊಡು ಅಂದಿದ್ದರೆ ಅವನು ಬರೆಯುತ್ತಿದ್ದನಾ? ಬರೆಯುವ ಮುಂಚೆ ಪಾಲಿಸಿ ತೆಗೆದು ನೋಡಲೇಬೇಕಾಗಿತ್ತು.

ಸುಳ್ಳು ಕ್ಲೈಮ್‌ಗಳು ಜಾಸ್ತಿ, ಕಂಪನಿಯವರು ಎಲ್ಲರನ್ನೂ ಹೇಗೆ ನಂಬೋಕೆ ಆಗುತ್ತೆ ಅಂತ ಕೆಲವರು ಕೇಳಬಹುದು. ವಿಮಾ ಕಂಪನಿಯಲ್ಲಿರುವ ನನ್ನ ಗೆಳತಿ ಯಾವಾಗಲೂ ಇದೇ ಹೇಳುತ್ತಾಳೆ. ಒಪ್ಪಿದೆ, ಎಲ್ಲೋ ಗುದ್ದಿದ್ದಕ್ಕೆ ಎಲ್ಲೋ ಕಥೆ ಕಟ್ಟುವವರು ಇದ್ದಾರೆ. ಹಾಗಾದರೆ ಸುಳ್ಳು ಅಂತಲೇ ಬರೆದು ಕೊಡಿ. ಏನು ಸಾಕ್ಷಿ ಸಿಕ್ಕಿದೆ ಅಂತ ಬರೆಯಿರಿ. ಮೋಸ ಮಾಡಿದವನಿಗೆ ಫೋನ್ ಮಾಡಿ ಮೆತ್ತಗೆ ಬರಲ್ಲ ಅನ್ನೋದರಿಂದ ಏನು ಸಿಗುತ್ತದೆ? ಮೋಸಗಾರ ಜಗಳ ಮಾಡಿ ಇಸ್ಕೊಂಡು ಹೋಗುತ್ತಾನೆ. ಸುಮ್ಮನೆ ಸಹಿ ಹಾಕಿ ಮನೆಗೆ ಹೋಗುವವರು ಆ ಅಡಿಕೆ ಬೆಳೆಗಾರರಂಥವರು.

ಬರೆದು ಕೊಡುವುದು ಅವರ ಔದಾರ್ಯ ಅಲ್ಲ. ಕ್ಲೈಮ್ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು ಅಂತ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ನಿಯಮವೇ ಇದೆ. 2024ರ ಜೂನ್‌ನಲ್ಲಿ ಬಂದ ಸುತ್ತೋಲೆಯ ಪ್ರಕಾರ ಕ್ಲೈಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು, 15 ದಿನದಲ್ಲಿ ವರದಿ ಬರಬೇಕು, ವರದಿ ಬಂದು 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. "ಗಾಡಿ ಕಳುವಾಗಿದ್ದನ್ನು ನಮಗೆ ತಡವಾಗಿ ಹೇಳಿದ್ದೀರಿ, ಬರಲ್ಲ" ಅನ್ನುವ ಮಾತು ಕೇಳಿರುತ್ತೀರಿ. ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ, ಕಂಪನಿಗೆ ತಿಳಿಸೋದು ತಡವಾಯಿತು ಅನ್ನೋ ಒಂದೇ ಕಾರಣಕ್ಕೆ ತಿರಸ್ಕರಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ.

ಅವರು ಬರೆಯದಿದ್ದರೆ ನೀವು ಬರೆಯಿರಿ. ಕಂಪನಿಯ ದೂರು ವಿಭಾಗಕ್ಕೆ ಒಂದು ಇಮೇಲ್ ಹಾಕಿ. "ಇಂಥ ದಿನ, ಇಂಥವರು ಫೋನಿನಲ್ಲಿ ಕ್ಲೈಮ್ ಬರಲ್ಲ ಅಂದಿದ್ದಾರೆ, ಕಾರಣ ತಿಳಿಸಿ" ಅಂದರೆ ಸಾಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ಇಂಥ ದೂರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ನಮ್ಮ ರಾಜ್ಯಕ್ಕೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ಕಚೇರಿ ಇದೆ, ದೂರನ್ನು ಆನ್‌ಲೈನ್‌ನಲ್ಲೂ ಹಾಕಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. ಒಂದು ವರ್ಷದೊಳಗೆ ಹೋಗಬೇಕು ಅಷ್ಟೇ. ಆದರೆ ಅಲ್ಲಿ ಮೊದಲು ಕೇಳುವುದೇ ಕಂಪನಿಗೆ ನೀವು ಬರೆದ ಪತ್ರ. ಬಾಯಿಮಾತಿಗೆ ಅಲ್ಲೂ ಜಾಗ ಇಲ್ಲ.

ಇನ್ನೂ ಮಳೆ ಮುಗಿದಿಲ್ಲ. ನೀರಿನಲ್ಲಿ ಕಾರು ಬಂದ್ ಆದರೆ ದಯವಿಟ್ಟು ಮತ್ತೆ ಸ್ಟಾರ್ಟ್ ಮಾಡೋಕೆ ಹೋಗಬೇಡಿ. ನೀರು ಒಳಗೆ ಎಳೆದುಕೊಂಡು ಇಂಜಿನ್ ಪೂರ್ತಿ ಹೋಗುತ್ತದೆ, ಕ್ಲೈಮ್‌ಗೂ ಅದೇ ತೊಡಕಾಗುತ್ತದೆ. ಹಾಗೇ ನಿಲ್ಲಿಸಿ, ಫೋಟೋ ತೆಗೆದು, ಎಳೆಸಿ.

ನಿಮಗೆ ಯಾರಿಗಾದರೂ ಕ್ಲೈಮ್ ಬರಲ್ಲ ಅಂತ ಫೋನಿನಲ್ಲಿ ಹೇಳಿ ಕೈಬಿಟ್ಟಿದ್ದರೆ ಪಾಲಿಸಿ ಪ್ರತಿಯನ್ನು ನನಗೆ ಇನ್‌ಬಾಕ್ಸ್ ಮಾಡಿ. ಕಂಪನಿಗೆ ಹಾಕಬೇಕಾದ ಪತ್ರ ನಾನು ಬರೆದುಕೊಡುತ್ತೇನೆ. ಕನ್ನಡದಲ್ಲಿ ಬೇಕಾದರೆ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬೇಕಾದರೆ ಇಂಗ್ಲಿಷಿನಲ್ಲಿ. ಬೆಳಗ್ಗೆ ಸಿಕ್ಕ ಯಜಮಾನರ ನಂಬರ್ ತೆಗೆದುಕೊಂಡಿದ್ದೇನೆ. ಸೋಮವಾರದೊಳಗೆ ಇಮೇಲ್ ಬರದಿದ್ದರೆ ಅವರ ಪತ್ರ ಮೊದಲು ಹೋಗುತ್ತದೆ.